ಸಮಸ್ಯೆ (ಇದೇ ಕೊನೆಯ ಸಾಲಾಗುವಂತೆ ಕಂದಪದ್ಯವನ್ನು ಪೂರಣ ಮಾಡಬೇಕು, ಅಂದರೆ ಉಳಿದ ಸಾಲುಗಳನ್ನು ತುಂಬಬೇಕು): ‘ತುರುಬಂ ಕಟ್ಟಲ್ಕೆ ಪೆಣದ ಬೆಟ್ಟಂ ಬೆಳೆಗುಂ’

ಎಡೆದೊರೆಯ ಮಾಸ್ತರ, ರಾಯಚೂರು:

ಅರಸಿಯ ಕೆದರಿದ ಮುಡಿ ತಾ
ನುರಿನಾಲಗೆಯಾದುದಲ್ತೆ ಭೀಮನ ಕಣ್ಣೊಳ್
ಕುರುಪತಿ ತೊಡೆಯುಡಿವನ್ನಂ
ತುರುಬಂ ಕಟ್ಟಲ್ಕೆ ಪೆಣದ ಬೆಟ್ಟಂ ಬೆಳೆಗುಂ

ಬಳ್ಳಾರಿ ವಕೀಲ:
‘ಉರಿನಾಲಗೆ’ ಹಿಡಿಸಿತು, ಮಾಸ್ತರರೇ.

ಕೊಪಣವಾಸಿ, ಕೊಪ್ಪಳ:
ಕಲ್ಪನೆಗೆ ನನ್ನ ತಕರಾರಿಲ್ಲ, ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಬೇಕಾದ ಪ್ರಾಸಕ್ಕಿದೆ. ‘ತುಱುಬು’ ಶಕಟರೇಫದ, ಅಂದರೆ ಹಳಗನ್ನಡದ ಬೇರೆಯೇ ರಕಾರವಾದ ‘ಱ’ದ ಮಾತು. ಅರಸಿ, ಉರಿ, ಕುರು ಮೂರೂ ಸಾದಾ ರೇಫದವು. ಸಮಸ್ಯೆ ಕೊಟ್ಟವರು ಇಂದಿನ ರೂಢಿಯಂತೆ ಬರೆದರೆಂದು ಪೂರಣವೂ ಹಾಗೆಯೇ ಸಾಗಬೇಕೆ? ಹೂವನ್ನೋ ಕೂದಲನ್ನೋ ಒತ್ತಿ ಸೇರಿಸುವುದು ‘ತುಱುಂಬು’, ಆ ಕೆಲಸದ ಹೆಸರೇ ಕೂದಲ ಗಂಟಿಗೂ ನಿಂತಿದೆ. ತೆಲುಗಿನ ‘ತುಱುಮು’ ಇದರ ಒಡಹುಟ್ಟು, ಅಲ್ಲಿಯೂ ಅದು ಬಂಡಿ ರ, ಅಂದರೆ ಇದೇ ಱ. ‘ಜಡೆ’ ಸಂಸ್ಕೃತದ ಜಟೆಯ ತದ್ಭವ. ತುಱುಬಾದರೋ ನಮ್ಮದೇ ಬೇರಿನದು, ಅದರ ಅಕ್ಷರವನ್ನು ನಾವೇ ಕಾಯದಿದ್ದರೆ ಇನ್ನಾರು ಕಾಯಬೇಕು?

ಎಡೆದೊರೆಯ ಮಾಸ್ತರ:
9ನೆಯ ಶತಮಾನದ ಕವಿರಾಜಮಾರ್ಗವು ಕೊಪಣವನ್ನು ತಿರುಳ್ಗನ್ನಡದ ನಾಡಿಗೆ ಸೇರಿಸಿದ್ದನ್ನು ತಾವು ಒಂದು ಸಲವೂ ಮರೆಯಗೊಡುವುದಿಲ್ಲ. ನಮ್ಮ ಮಾನ್ವಿಯ ಜಗನ್ನಾಥದಾಸರು 18ನೆಯ ಶತಮಾನದಲ್ಲಿ ಷಟ್ಪದಿ ಬರೆಯುವ ಹೊತ್ತಿಗೆ ಎರಡು ರೇಫಗಳೂ ಒಂದಾಗಿದ್ದವು. ಕಿವಿಗೆ ಒಂದೇ ಆಗಿ ಕೇಳುವುದನ್ನು ಕಣ್ಣಿಗಾಗಿ ಒಡೆಯುವುದು ಪ್ರಾಸದ ಧರ್ಮವಲ್ಲ.

ಕೊಪಣವಾಸಿ:
ತಾವು ಷಟ್ಪದಿಯಲ್ಲಿ ಬರೆದಿದ್ದರೆ ನಾನು ಸುಮ್ಮನಿರುತ್ತಿದ್ದೆ. ‘ಅಲ್ತೆ’, ‘ಉಡಿವನ್ನಂ’ ಎಂದು ರನ್ನನ ಕಾಲದ ನುಡಿಯನ್ನು ಹಿಡಿದ ಕಂದವು ಪ್ರಾಸಾಕ್ಷರಕ್ಕೆ ಬಂದಾಗ ಮಾತ್ರ ದಾಸರ ಕಾಲಕ್ಕೆ ಇಳಿಯುವುದು ಸಲ್ಲದು. ನನ್ನ ಪೂರಣ ಹೀಗಿದೆ:

ಮಱೆವನೆ ಭೀಮಂ ಸಭೆಯಂ
ನೆಱೆಯದ ಪೂಣ್ಕೆಯನೆ ಪೊತ್ತು ಪೊಕ್ಕಂ ಕಳನಂ
ತಱಿತಱಿದಹಿತರನಿಕ್ಕಲ್
ತುಱುಬಂ ಕಟ್ಟಲ್ಕೆ ಪೆಣದ ಬೆಟ್ಟಂ ಬೆಳೆಗುಂ

ಬಳ್ಳಾರಿ ವಕೀಲ:
ಕಂದ ಗಟ್ಟಿಯಾಗಿದೆ. ಆದರೆ ಇಬ್ಬರನ್ನೂ ಕೇಳುತ್ತೇನೆ: ದ್ರೌಪದಿಯದು ತುರುಬೋ, ಹೆರಳೋ? ವೇಣಿಯೆಂದರೆ ಹೆಣೆದ ಕೂದಲು, ಇದೇ ಕಥೆಯ ಸಂಸ್ಕೃತ ನಾಟಕದ ಹೆಸರೂ ‘ವೇಣೀಸಂಹಾರ’ವೆಂದೇ ಇದೆ. ನಮ್ಮ ಸೀಮೆಯ ಹೆಣ್ಣುಮಕ್ಕಳು ಹೆರಳು ಹಾಕಿಕೊಳ್ಳುತ್ತಾರೆ, ತುರುಬು ಕಟ್ಟಿಕೊಳ್ಳುತ್ತಾರೆ. ಒಂದರ ಕ್ರಿಯಾಪದ ಇನ್ನೊಂದಕ್ಕೆ ಹೊಂದುವುದಿಲ್ಲ.

ಕೊಪಣವಾಸಿ:
ಸಮಸ್ಯೆಯ ಸಾಲು ‘ಕಟ್ಟಲ್ಕೆ’ ಎಂದಿರುವಾಗ ಹೆರಳಿಗೆ ಎಡೆಯೆಲ್ಲಿದೆ, ವಕೀಲರೇ?

ಎಡೆದೊರೆಯ ಮಾಸ್ತರ:
ಶಕಟರೇಫದ ವಾದವನ್ನು ನಾನು ಈಗಲೂ ಒಪ್ಪಿಲ್ಲ, ಆದರೆ ಈ ಒಂದು ಮಾತಿನಲ್ಲಿ ಕೊಪ್ಪಳದವರ ಪಕ್ಷ ನನ್ನದು. ಹೆರಳಿಗೆ ಕೂದಲನ್ನು ಬಾಚಿ, ಮೂರು ಕಾಲು ಮಾಡಿ, ತುದಿಯವರೆಗೆ ಹೆಣೆಯುವ ವ್ಯವಧಾನ ಬೇಕು. ರಣದಿಂದ ನೆತ್ತರುಗೈಯಲ್ಲಿ ಬಂದ ಭೀಮನು ಸುತ್ತಿ ಬಿಗಿದದ್ದು ತುರುಬೇ.