ಹನೋಯ್ ಬೀದಿಯಲ್ಲಿ ಜನರ ಫೋಟೊ ತೆಗೆಯೋದು ಹೇಗೆ?

ತೋಟದಮನೆ, ಚಿಕ್ಕಮಗಳೂರು:
ಅರೇಬಿಕಾ ಕಾಫಿ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹತ್ತು ದಿನ ವಿಯೆಟ್ನಾಂಗೆ ಹೊರಟಿದ್ದೇನೆ. ಹನೋಯ್ ಹಳೇ ಪೇಟೆಯ ಬೀದಿ ಬದುಕು ಸೆರೆಹಿಡಿಯುವ ಆಸೆ. ಆದರೆ ಗುರುತಿಲ್ಲದವರ ಮುಂದೆ ಕ್ಯಾಮೆರಾ ಎತ್ತಲು ಕೈ ನಡುಗುತ್ತದೆ. ಹೋದ ವಾರ ನಮ್ಮೂರ ಸಂತೆಯಲ್ಲಿ ಅಭ್ಯಾಸ ಮಾಡೋಣ ಅಂತ ದೂರದ್ದನ್ನು ಹತ್ತಿರ ತರುವ ಜೂಮ್ ಲೆನ್ಸ್ ಹಾಕಿ ಲಾರಿ ಮರೆಯಲ್ಲಿ ನಿಂತೆ. ಒಣಮೆಣಸಿನಕಾಯಿ ಮಾರುವ ಅಜ್ಜಿ ನೋಡಿಬಿಟ್ಟರು. ‘ಏನಪ್ಪಾ, ಮುನ್ಸಿಪಾಲ್ಟಿಯವನಾ?’ ಅಂದರು. ನಾಚಿಕೆಯಾಗಿ ಅರ್ಧ ಕೆಜಿ ಕೊಂಡು ಬಂದೆ. ಅಲ್ಲಿ ಏನು ಮಾಡಲಿ?

ಹಾಸನದ ಸೈಕಲ್:
ಜೂಮ್ ಮನೆಯಲ್ಲೇ ಬಿಡಿ. ಮರೆಯಲ್ಲಿ ನಿಂತವನನ್ನು ಯಾವ ಊರಲ್ಲೂ ಕಳ್ಳ ಅಂತಲೇ ನೋಡುತ್ತಾರೆ.

ನಾನು 2019ರ ಜನವರಿ ಕೊನೆಗೆ ಹೋಗಿದ್ದೆ. ಎರಡು ದಿನ ಗಲ್ಲಿ ಗಲ್ಲಿ ಅಲೆದೆ. ನಾನೂರು ಫೋಟೊ, ಬರೀ ಬೆನ್ನುಗಳು. ಮೂರನೇ ದಿನ ಕಾಲು ಸೋತು ಫುಟ್‌ಪಾತಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೆ. ನಮ್ಮ ಬಚ್ಚಲುಮನೆ ಸ್ಟೂಲಿನಷ್ಟೇ ಗಿಡ್ಡ. ಲೋಟದ ಮೇಲೆ ‘ಫಿನ್’ ಅನ್ನೋ ಪುಟ್ಟ ಫಿಲ್ಟರ್ ಇಟ್ಟು ಕಾಫಿ ಕೊಡುತ್ತಾರೆ, ಅಡಿಯಲ್ಲಿ ಗಟ್ಟಿ ಸಿಹಿ ಹಾಲು. ಹನಿ ಹನಿ ಇಳಿಯಲು ಐದು ನಿಮಿಷ ಬೇಕು. ಅದು ರೋಬಸ್ಟಾ ಕಾಫಿ ಸ್ವಾಮಿ, ನಿಮ್ಮ ಅರೇಬಿಕಾ ನಾಲಿಗೆಗೆ ಜಾಸ್ತಿ ಕಹಿ!

ಆ ಐದು ನಿಮಿಷದಲ್ಲಿ ಬೀದಿಯೇ ನನ್ನ ಮುಂದೆ ಹಾದುಹೋಯಿತು. ಅವರ ಹೊಸ ವರ್ಷ ಟೆಟ್ ಹತ್ತಿರವಿತ್ತು. ಹಣ್ಣು ತುಂಬಿದ ಪುಟ್ಟ ಕಿತ್ತಳೆ ಗಿಡವನ್ನು ಕುಂಡದ ಸಮೇತ ಬೈಕಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಕಾಫಿಯವಳೇ ನನ್ನ ಕ್ಯಾಮೆರಾ ನೋಡಿ, ಸೌತೆಕಾಯಿ ಹೆಚ್ಚುತ್ತಿದ್ದ ತನ್ನ ತಾಯಿಯನ್ನು ತೋರಿಸಿದಳು. ಇಡೀ ಪ್ರವಾಸದಲ್ಲಿ ಇಟ್ಟುಕೊಳ್ಳುವಂಥ ಫೋಟೊ ಅದೊಂದೇ ಅನ್ನಿ. ಮರುದಿನವೂ ಅಲ್ಲೇ ಕೂತೆ.

ಒಂದು ಎಚ್ಚರಿಕೆ. ಹೆಗಲ ಮೇಲೆ ಬುಟ್ಟಿಗಳ ಅಡ್ಡೆ ಹೊತ್ತ ಹಣ್ಣಿನವರು ನಗುತ್ತಾ ಅಡ್ಡೆಯನ್ನು ನಿಮ್ಮ ಹೆಗಲಿಗೇ ಇಟ್ಟರೆ, ಬಾಳೆಹಣ್ಣು ಕೊಳ್ಳದೆ ಬಿಡುಗಡೆ ಇಲ್ಲ. ನೋಟು ನೋಡಿ ಕೊಡಿ. 20,000 ಡಾಂಗ್ ನೋಟೂ ನೀಲಿ, 5,00,000ದ್ದೂ ನೀಲಿ. ನಾನು ಹೇಗೆ ಕಲಿತೆ ಅಂತ ಕೇಳಬೇಡಿ.

ಮಲೆನಾಡ ಮೋಡ:
ಫೆಬ್ರವರಿಯಲ್ಲಿ ಅಲ್ಲಿ ಮೋಡ, ತುಂತುರು ಜಾಸ್ತಿ. ಜೂಮ್ ಬದಲು 35 ಎಂಎಂ ಲೆನ್ಸ್, ಲೆನ್ಸಿನ ತೆರಪು ಎಫ್ 5.6, ಶಟರ್ ಸೆಕೆಂಡಿನ 1/250 ಭಾಗ, ಬೆಳಕಿನ ಸಂವೇದನೆ (ಐಎಸ್‌ಒ) ಆಟೋ. ಪೊಲೀಸರು, ಸೈನಿಕರ ಕಡೆ ತಿರುಗಿಸಬೇಡಿ. ಟೆಟ್ ದಿನಾಂಕ ನೋಡಿಕೊಳ್ಳಿ, ಹಬ್ಬದ ದಿನಗಳಲ್ಲಿ ಬಹುತೇಕ ಅಂಗಡಿಗಳು ಬಂದ್.

ತೋಟದಮನೆ, ಚಿಕ್ಕಮಗಳೂರು:
ಮತ್ತೆ ಸಂತೆಗೆ ಹೋಗಿದ್ದೆ. ಈ ಸಲ ಅಜ್ಜಿಯ ಪಕ್ಕದಲ್ಲೇ ಗೋಣಿಚೀಲ ಹಾಸಿ ಕೂತೆ. ಅರ್ಧ ಗಂಟೆ ತಕ್ಕಡಿ ಹಿಡಿಸಿದರು. ಆಮೇಲೆ ತಾವೇ ಸೆರಗು ಸರಿಮಾಡಿಕೊಂಡು ‘ಈಗ ತೆಗಿ’ ಅಂದರು. ಮುಂದಿನ ಸಂತೆಗೆ ಪ್ರಿಂಟ್ ಒಯ್ಯಬೇಕಂತೆ. ಮನೆಯಲ್ಲಿ ಈಗ ಮೆಣಸಿನಕಾಯಿ ಒಂದು ಕೆಜಿ.