ಕರಾವಳಿಯ ತೇವದಲ್ಲಿ ಸೇಫ್ಟಿ ರೇಜರ್: ಮೊದಲು ಏನೇನು ಕೊಳ್ಳಬೇಕು?

ಪ್ರಶ್ನೆ (ಕಾರವಾರ):
ಹಲವು ವರ್ಷಗಳಿಂದ ಮೂರು ಬ್ಲೇಡಿನ ಕಾರ್ಟ್ರಿಜ್‌ನಲ್ಲಿ ದಾಡಿ ಮಾಡಿಕೊಳ್ಳುತ್ತಿದ್ದೇನೆ. ಕುತ್ತಿಗೆಯ ಮೇಲೆ ಕೆಂಪು ಗುಳ್ಳೆ ಏಳುವುದು ನಿಲ್ಲದ ಕಾರಣ, ಒಂದೇ ಬ್ಲೇಡು ಹಾಕುವ ಹಳೆಯ ಮಾದರಿಯ ರೇಜರ್, ಬ್ರಶ್ಶು, ಸಾಬೂನು ಕೊಳ್ಳಬೇಕೆಂದಿದ್ದೇನೆ. ಆದರೆ 300 ರೂಪಾಯಿಯ ರೇಜರ್‌ಗೂ 5,000 ರೂಪಾಯಿಯದಕ್ಕೂ ಇರುವ ವ್ಯತ್ಯಾಸವೇ ತಿಳಿಯುತ್ತಿಲ್ಲ. ಮನೆ ಕೋಡಿಬಾಗದ ಕಡೆ. ಬೇಸಿಗೆಯಲ್ಲಿ ಬಾವಿ ನೀರು ಸವಳಾಗುತ್ತದೆ, ಮಳೆಗಾಲದಲ್ಲಿ ಬಚ್ಚಲುಮನೆ ಒಣಗುವುದೇ ಇಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ (ಶಿರಸಿ):
ಕಾರ್ಟ್ರಿಜ್‌ನ ಮೊದಲ ಬ್ಲೇಡು ಕೂದಲನ್ನು ಸ್ವಲ್ಪ ಎಳೆಯುವುದರಿಂದ ಹಿಂದಿನ ಬ್ಲೇಡು ಅದನ್ನು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಗುಂಗುರು ಕೂದಲಿದ್ದರೆ ಅದರ ಮೊನೆ ಒಳಗೊಳಗೇ ಬೆಳೆದು ಗುಳ್ಳೆಯಾಗುತ್ತದೆ. ಒಂದೇ ಬ್ಲೇಡಿನಲ್ಲಿ ಈ ಕಾಟ ಕಡಿಮೆ.

ಜಿಲೆಟ್ 1904ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ರೇಜರ್‌ಗೂ ಇಂದಿನ ಮೂರು ತುಂಡಿನ (ಮೇಲಿನ ಮುಚ್ಚಳ, ತಳದ ತಟ್ಟೆ, ಹಿಡಿ ಎಂದು ಬಿಚ್ಚಿಕೊಳ್ಳುವ) ರೇಜರ್‌ಗೂ ಮೂಲತತ್ತ್ವ ಒಂದೇ ಆಗಿರುವುದರಿಂದ, ಹೆಚ್ಚಿನ ಬೆಲೆಗೆ ಸಿಗುವುದು ಒಳ್ಳೆಯ ಲೋಹ ಮತ್ತು ನಯಗಾರಿಕೆಯೇ ಹೊರತು ಹೊಸ ವಿದ್ಯೆಯಲ್ಲ. ಅಗ್ಗದವು ಬಹುಪಾಲು ಸತುವಿನ ಮಿಶ್ರಲೋಹದವು. ಮೇಲಿನ ಕ್ರೋಮ್ ಲೇಪ ಒಮ್ಮೆ ಎದ್ದರೆ ನಿಮ್ಮ ಉಪ್ಪುಗಾಳಿಯಲ್ಲಿ ಬೇಗ ಸವೆಯುತ್ತವೆ. ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಕೈಗೆಟುಕಿದರೆ ಅದೇ ಲೇಸು. ಹಿಡಿ ತಿರುಗಿಸಿದರೆ ಬಾಗಿಲಿನಂತೆ ತೆರೆಯುವ ಮಾದರಿ ನೋಡಲು ಚೆಂದ, ಆದರೆ ಅದರ ಸಂದುಗಳಲ್ಲಿ ಸಾಬೂನು ಕೂತು ತೇವದಲ್ಲಿ ಬಿಗಿದುಕೊಳ್ಳುತ್ತದೆ. ಬಾಚಣಿಗೆಯಂತೆ ಹಲ್ಲಿರುವ ತಲೆಯೂ ಸದ್ಯಕ್ಕೆ ಬೇಡ.

ಬ್ಲೇಡುಗಳನ್ನು ಮಾತ್ರ ಬೇರೆ ಬೇರೆ ಕಂಪನಿಯವು ಒಂದೊಂದು ಪ್ಯಾಕೆಟ್ ತಂದು ನೋಡಿ. ಜಪಾನಿನ ಫೆದರ್ ಬಹಳ ಹರಿತವಾದ್ದರಿಂದ ಅದರಿಂದ ಆರಂಭಿಸಬೇಡಿ. ರೇಜರಿನ ತಲೆಯ ಮೇಲ್ಭಾಗವನ್ನು ಕೆನ್ನೆಗೆ ಚಪ್ಪಟೆಯಾಗಿಟ್ಟು, ಅಲಗು ಚರ್ಮಕ್ಕೆ ತಾಗುವವರೆಗೆ ಹಿಡಿಯನ್ನು ನಿಧಾನವಾಗಿ ಇಳಿಸಿದರೆ ಸುಮಾರು 30 ಡಿಗ್ರಿಯ ಕೋನ ತಾನಾಗಿ ಸಿಗುತ್ತದೆ. ಕಾರ್ಟ್ರಿಜ್‌ನಂತೆ ಒತ್ತಬಾರದು, ರೇಜರಿನ ಭಾರವೇ ಸಾಕು.

ಉತ್ತರ (ಕುಮಟಾ):
ಮೇಲಿನವರು ನೀರಿನ ವಿಷಯ ಬಿಟ್ಟರು. ನನ್ನ ಪ್ರಕಾರ ನಿಮ್ಮಲ್ಲಿ ಅದೇ ಮುಖ್ಯ, ಏಕೆಂದರೆ ಸವಳು ನೀರಿನಲ್ಲಿ ಸಾಬೂನು ನೊರೆಯಾಗುವ ಬದಲು ಒಡೆದು ಬಿಳಿ ಜಿಡ್ಡಾಗುತ್ತದೆ. ಕುದಿಸಿದರೂ ಉಪ್ಪು ಹೋಗುವುದಿಲ್ಲ. ಬೇಸಿಗೆಯಲ್ಲಿ ನೊರೆಗೆ ಮಾತ್ರ ಒಂದು ಲೋಟ ಕುಡಿಯುವ ನೀರು ಬಳಸಿ, ಮುಖ ತೊಳೆಯಲು ಬಾವಿಯದೇ ಸಾಕು. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದರೆ ಅದಕ್ಕಿಂತ ಮೆದು ನೀರು ಬೇರೆ ಸಿಗದು.

ಬ್ರಶ್ಶು ಸಿಂಥೆಟಿಕ್ ಇರಲಿ. ಹಂದಿಕೂದಲಿನದೂ ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನದೂ ಜುಲೈ ತಿಂಗಳಲ್ಲಿ ದಿನವಿಡೀ ತೂಗಿಟ್ಟರೂ ಬುಡದಲ್ಲಿ ಹಸಿಯಾಗಿಯೇ ಇದ್ದು ಬೂಸಲು ವಾಸನೆ ಹಿಡಿಯುತ್ತವೆ. ಆರಂಭಕ್ಕೆ ಗಟ್ಟಿ ಸಾಬೂನಿಗಿಂತ ಟ್ಯೂಬಿನ ಕ್ರೀಮು ಸುಲಭ. ಒದ್ದೆ ಬ್ರಶ್ಶನ್ನು ಚೆನ್ನಾಗಿ ಕೊಡವಿ, ಬಾದಾಮಿಯಷ್ಟು ಕ್ರೀಮು ಹಾಕಿ, ಹನಿಹನಿಯಾಗಿ ನೀರು ಸೇರಿಸುತ್ತ ತಿರುಗಿಸಿ. ನೊರೆಯಲ್ಲಿ ದೊಡ್ಡ ಗುಳ್ಳೆಗಳು ಕಂಡರೆ ನೀರು ಹೆಚ್ಚಾಗಿದೆ, ಮುಖದ ಮೇಲೆ ಬೇಗ ಒಣಗಿದರೆ ಸಾಲದಾಗಿದೆ ಎಂದರ್ಥ.

ಉತ್ತರ (ಅಂಕೋಲಾ):
ಬ್ಲೇಡನ್ನು ಬಟ್ಟೆಯಿಂದ ಒರೆಸಬೇಡಿ, ಅಲಗು ಹಾಳಾಗುತ್ತದೆ. ತೊಳೆದು, ಕೊಡವಿ, ರೇಜರ್‌ಸಹಿತ ಬಚ್ಚಲಿನಿಂದ ಹೊರಗಿಡಿ. ಹಳೆಯ ಬ್ಲೇಡುಗಳನ್ನು ಕಸದ ಚೀಲಕ್ಕೆ ಹಾಗೆಯೇ ಹಾಕಿದರೆ ಪೌರಕಾರ್ಮಿಕರ ಕೈ ಕೊಯ್ಯುತ್ತದೆ. ಮುಚ್ಚಳಕ್ಕೆ ಸೀಳು ಕೊರೆದ ಡಬ್ಬಿಯೊಂದರಲ್ಲಿ ತುಂಬಿಸುತ್ತ ಬನ್ನಿ. ದಾಡಿಗೆ ಮೊದಲು ತೆಂಗಿನೆಣ್ಣೆ ಹಚ್ಚಿ ಎನ್ನುವವರು ನಮ್ಮಲ್ಲಿ ಬಹಳ. ಅದು ನೊರೆಯನ್ನು ಕೊಲ್ಲುತ್ತದೆ, ಆಮೇಲೆ ಎರಡು ಹನಿ ಹಚ್ಚಿಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಕುತ್ತಿಗೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆಯಬಹುದೇ?

ಉತ್ತರ (ಶಿರಸಿ):
ಗುಳ್ಳೆ ಮಾಯುವವರೆಗೆ ಬೇಡ. ಎರಡು ದಿನ ದಾಡಿ ಬಿಟ್ಟು ಬೆರಳಿನಿಂದ ಸವರಿ ನೋಡಿದರೆ ಯಾವ ಕಡೆ ನುಣುಪು, ಯಾವ ಕಡೆ ಒರಟು ಎಂಬುದು ತಿಳಿಯುತ್ತದೆ. ನುಣುಪಿನ ದಿಕ್ಕಿನಲ್ಲಿ ಒಂದೇ ಸುತ್ತು ಎಳೆದು, ಉಳಿದ ತರಿಯನ್ನು ಮರುದಿನಕ್ಕೆ ಬಿಡಿ.