ಒಂದೇ ಮನೆಯವರು, ಮೂರು ಬೋರ್ಡಿಂಗ್ ಸಮಯ: ಸಿಂಗಾಪುರದ ಕ್ರೂಸ್‌ಗೆ ಎಷ್ಟು ಹೊತ್ತಿಗೆ ಹೋಗಬೇಕು? (ಪರಿಹಾರ ಸಿಕ್ಕಿದೆ)

ಕುಕ್ಕರಹಳ್ಳಿ:

ನಮಸ್ಕಾರ. ಮೊದಲ ಸಲ ಹಡಗಿನಲ್ಲಿ ಹೊರಟಿದ್ದೇವೆ, ಒಂದು ವಿಷಯಕ್ಕೆ ತಲೆ ಕೆಟ್ಟು ಹೋಗಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಡಿಸೆಂಬರ್‌ನಲ್ಲಿ ಸಿಂಗಾಪುರದಿಂದ ಪೆನಾಂಗ್, ಫುಕೆಟ್ ನೋಡಿಕೊಂಡು ವಾಪಸ್ ಸಿಂಗಾಪುರಕ್ಕೆ ಬರುವ 4 ರಾತ್ರಿಯ ಕ್ರೂಸ್. 7 ಜನ, 3 ಕ್ಯಾಬಿನ್. ನಾನು, ನಮ್ಮ ಮನೆಯವರು, 6 ವರ್ಷದ ಮಗಳು ಒಂದರಲ್ಲಿ. ಅಪ್ಪ ಅಮ್ಮ ಒಂದರಲ್ಲಿ. ತಂಗಿ ಮತ್ತು ಅವಳ ಗಂಡ ಇನ್ನೊಂದರಲ್ಲಿ. ಏಜೆಂಟ್ ಮೂರನ್ನೂ ಬೇರೆ ಬೇರೆ ಬುಕಿಂಗ್ ಮಾಡಿದ್ದಾರೆ. ನಿನ್ನೆ ವೆಬ್ ಚೆಕ್-ಇನ್ ಮಾಡಿ ನೋಡಿದರೆ ಅಪ್ಪ ಅಮ್ಮನಿಗೆ 11:30, ತಂಗಿಗೆ 1:00, ನಮಗೆ 2:30 ಅಂತ ಸಮಯ ಬಂದಿದೆ. ಹಡಗು ಹೊರಡುವುದು ಸಂಜೆ 5ಕ್ಕೆ. ಚೆಕ್-ಇನ್ 3:30ಕ್ಕೆ ಮುಚ್ಚುತ್ತದೆ ಅಂತ ಬೋರ್ಡಿಂಗ್ ಪಾಸ್‌ನಲ್ಲಿದೆ.

ಅಮ್ಮನಿಗೆ 71, ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಅವರಿಬ್ಬರನ್ನೇ ಮೂರು ಗಂಟೆ ಮೊದಲು ಒಳಗೆ ಕಳಿಸುವುದು ನನಗೆ ಸುತರಾಂ ಇಷ್ಟವಿಲ್ಲ. ಎಲ್ಲರೂ 11:30ಕ್ಕೇ ಹೋದರೆ ಬಿಡುತ್ತಾರಾ? ಇಲ್ಲ ಎಲ್ಲರೂ 2:30ಕ್ಕೆ ಹೋದರೆ ಅಪ್ಪ ಅಮ್ಮನಿಗೆ ತಡವಾಯಿತು ಅಂತ ವಾಪಸ್ ಕಳಿಸುತ್ತಾರಾ? ಇನ್ನೊಂದು ವಿಷಯ, ನಮ್ಮ ವಿಮಾನ ಅದೇ ದಿನ ಬೆಳಿಗ್ಗೆ 6:10ಕ್ಕೆ ಚಾಂಗಿಯಲ್ಲಿ ಇಳಿಯುತ್ತದೆ. ಅಷ್ಟು ಸಮಯ ಸಾಕು ಅಲ್ವಾ?

ಸುತ್ತಾಟ_ಶಿರಸಿ:

ಎಲ್ಲರೂ 11:30ಕ್ಕೇ ಹೋಗಿ. ನಾವು ಕಳೆದ ವರ್ಷ ಎರಡು ಗಂಟೆ ಮೊದಲೇ ಹೋಗಿದ್ದೆವು, ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನದ ಊಟ ಹಡಗಿನಲ್ಲೇ ಆಯಿತು. ಸುಮ್ನೆ ಚಿಂತೆ ಬೇಡ.

ಬಂದರುಪೇಟೆ:

ಮಂಗಳೂರಿನವನು. 11 ವರ್ಷ ಕ್ರೂಸ್ ಹಡಗುಗಳಲ್ಲಿ ಕೆಲಸ ಮಾಡಿದ್ದೇನೆ, ಹಾಗಾಗಿ ಒಳಗಿನ ಕಡೆಯಿಂದ ಹೇಳುತ್ತೇನೆ.

ಕುಕ್ಕರಹಳ್ಳಿಯವರೇ, ನಿಮ್ಮ ಪಾಸ್‌ನಲ್ಲಿ ಎರಡು ಸಮಯ ಇದೆ. ಎರಡರ ಅರ್ಥ ಬೇರೆ. 2:30 ಅನ್ನುವುದು "ಇದಕ್ಕಿಂತ ಮೊದಲು ಬರಬೇಡಿ" ಅಂತ. 3:30 ಅನ್ನುವುದು "ಇದಾದ ಮೇಲೆ ಬಂದರೆ ಹಡಗು ಇಲ್ಲ" ಅಂತ. ಮೊದಲನೆಯದು ಜನಸಂದಣಿ ಹಂಚುವುದಕ್ಕೆ ಇರುವ ಸಮಯ. ಎರಡನೆಯದು ನಿಜವಾದ ಗಡುವು. ಬಹಳ ಜನ ಇವೆರಡನ್ನೂ ಒಂದೇ ಅಂದುಕೊಂಡು ಭಯಪಡಬೇಕಾದ ಕಡೆ ಭಯಪಡುವುದಿಲ್ಲ, ಬೇಡದ ಕಡೆ ಪಡುತ್ತಾರೆ.

ಯಾಕೆ ಹಂಚುತ್ತಾರೆ ಅಂದರೆ, ನೀವು ಹತ್ತುವ ಹಡಗು ಅವತ್ತು ಬೆಳಿಗ್ಗೆಯೇ ಹಿಂದಿನ ಯಾತ್ರಿಕರನ್ನು ತುಂಬಿಕೊಂಡು ಬಂದಿರುತ್ತದೆ. ಮೂರು ನಾಲ್ಕು ಸಾವಿರ ಜನ ಇಳಿಯಬೇಕು. ಕೊನೆಯವನು ಇಳಿದು, ಲೆಕ್ಕ ಸೊನ್ನೆಗೆ ಬಂತು ಅಂತ ಖಾತ್ರಿಯಾಗುವವರೆಗೆ ಹೊಸಬರನ್ನು ಹತ್ತಿಸುವ ಹಾಗಿಲ್ಲ. ಅಷ್ಟರೊಳಗೆ ಸಾವಿರಾರು ಕ್ಯಾಬಿನ್‌ಗಳ ಹಾಸಿಗೆ, ಶೌಚಾಲಯ ಎಲ್ಲ ಆಗಬೇಕು. ತರಕಾರಿ, ಹಾಲು, ಮಾಂಸ ತುಂಬಬೇಕು. ಅವತ್ತು ನಮಗೆ ಕೂತು ಊಟ ಮಾಡಲೂ ಪುರುಸೊತ್ತು ಇರುತ್ತಿರಲಿಲ್ಲ. ಇನ್ನು ಹೊರಗೆ ಟರ್ಮಿನಲ್‌ನಲ್ಲಿ ಭದ್ರತಾ ತಪಾಸಣೆ ಇದೆ, ವಿಮಾನ ನಿಲ್ದಾಣದ ಹಾಗೆ ಇಮಿಗ್ರೇಷನ್ ಇದೆ, ಯಾಕೆಂದರೆ ನೀವು ಸಿಂಗಾಪುರ ದೇಶ ಬಿಟ್ಟು ಹೋಗುತ್ತಿದ್ದೀರಿ. ಎಲ್ಲರೂ 11ಕ್ಕೇ ಬಂದು ನಿಂತರೆ ಕಷ್ಟ ಯಾರಿಗೆ? ನಿಮ್ಮ ಅಮ್ಮನಂಥವರಿಗೇ.

ಶಿರಸಿಯವರೇ, ನಿಮ್ಮನ್ನು ಬಿಟ್ಟಿದ್ದಾರೆ, ಒಳ್ಳೆಯದಾಯಿತು. ಅವತ್ತು ಜನ ಕಡಿಮೆ ಇದ್ದಿರಬಹುದು. ಆದರೆ ಡಿಸೆಂಬರ್ ರಜೆಯಲ್ಲಿ ಮಂಡಿ ನೋವಿನ ಹಿರಿಯರನ್ನು ಆ ನಂಬಿಕೆಯ ಮೇಲೆ ಕರೆದುಕೊಂಡು ಹೋಗಿ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಗುಂಪಿಗೆ ಸೂತ್ರ ಇಷ್ಟೇ. ಸಮಯ ದಾಟಿದವರನ್ನು ಗಡುವಿನ ಒಳಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ. ಸಮಯಕ್ಕೆ ಮೊದಲು ಬಂದವರನ್ನು ಕಾಯಿಸುತ್ತಾರೆ. ಹಾಗಾಗಿ 11:30ರವರು 2:30ರವರ ಜೊತೆ ಹೋಗಬಹುದು, 2:30ರವರು 11:30ರವರ ಜೊತೆ ನುಗ್ಗುವುದು ಕಷ್ಟ. ಆದರೆ ನಿಮ್ಮ ವಿಷಯದಲ್ಲಿ 2:30ಕ್ಕೂ 3:30ಕ್ಕೂ ನಡುವೆ ಇರುವುದು ಒಂದೇ ಗಂಟೆ. ಅದು ನನಗೆ ಇಷ್ಟವಾಗಲಿಲ್ಲ. ಮೊದಲು ಇದನ್ನು ಮಾಡಿ: ಏಜೆಂಟ್‌ಗೆ ಫೋನ್ ಮಾಡಿ ಮೂರೂ ಬುಕಿಂಗ್ ಒಟ್ಟಿಗೆ ಜೋಡಿಸಲು ಹೇಳಿ. ಜೋಡಿಸಿದರೆ ಊಟದ ಮೇಜು ಕೂಡ ಒಟ್ಟಿಗೆ ಸಿಗುತ್ತದೆ. ಅಮ್ಮನಿಗೆ ವೀಲ್‌ಚೇರ್ ಸಹಾಯ ಬೇಕು ಅಂತ ಈಗಲೇ ಬರೆಸಿ, ಟರ್ಮಿನಲ್‌ಗೆ ಹೋಗಿ ಕೇಳೋಣ ಅಂತ ಬಿಡಬೇಡಿ. ಆ್ಯಪ್‌ನಲ್ಲಿ ದಿನಕ್ಕೊಮ್ಮೆ ಸಮಯ ಬದಲಾಯಿಸುವ ಜಾಗ ತೆರೆದು ನೋಡಿ. ಯಾರೋ ಬಿಟ್ಟುಕೊಟ್ಟ ಸಮಯ ಖಾಲಿ ಆಗುತ್ತಿರುತ್ತದೆ.

ಕೊನೆಯಲ್ಲಿ ಹತ್ತಿದರೆ ಇನ್ನೊಂದು ತೊಂದರೆ ಇದೆ. 2012ರ ಜನವರಿಯಲ್ಲಿ ಇಟಲಿಯ ಬಳಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ತೀರಿಕೊಂಡರು. ಅವತ್ತೇ ಹತ್ತಿದ ನೂರಾರು ಜನರಿಗೆ ಸುರಕ್ಷತಾ ಡ್ರಿಲ್, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅಂತ ತೋರಿಸಿಕೊಡುವ ಅಭ್ಯಾಸ, ಇನ್ನೂ ಆಗಿರಲಿಲ್ಲ. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ತಕ್ಷಣ ಡ್ರಿಲ್ ಆಗಲೇಬೇಕು ಅಂತ ನಿಯಮ ಬಂತು. ತಡವಾಗಿ ಹತ್ತಿದವರು ಊಟ ಬಿಟ್ಟು ಅಲ್ಲಿಗೆ ಓಡಬೇಕಾಗುತ್ತದೆ. ಅದನ್ನು ತಪ್ಪಿಸಬೇಡಿ, ಅಪ್ಪ ಅಮ್ಮನಿಗೂ ತೋರಿಸಿ.

ಎಡಿಸನ್_ಹಾಸನ:

ಬಂದರುಪೇಟೆಯವರು ವಿಮಾನದ ವಿಷಯ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ, ಯಾಕೆಂದರೆ ಆ ಪೆಟ್ಟು ತಿಂದಿದ್ದೇನೆ.

ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ ಇರುವುದು. ಊರಿನಿಂದ ಅಪ್ಪ ಅಮ್ಮ ಬಂದಿದ್ದರು, ಫ್ಲಾರಿಡಾದ ಪೋರ್ಟ್ ಕ್ಯಾನವೆರಲ್‌ನಿಂದ ಬಹಾಮಾಸ್‌ಗೆ ಬುಕ್ ಮಾಡಿದ್ದೆ. ಹಡಗು ಸಂಜೆ 4ಕ್ಕೆ. ಅದೇ ದಿನ ಬೆಳಿಗ್ಗೆ ನೆವಾರ್ಕ್‌ನಿಂದ ಆರ್ಲಾಂಡೋಗೆ ವಿಮಾನ, ಆರಾಮಾಗಿ ಸಾಕು ಅಂದುಕೊಂಡಿದ್ದೆ. ಗುಡುಗು ಮಳೆಗೆ ವಿಮಾನ ಮೂರು ಗಂಟೆ ತಡವಾಯಿತು. ಆರ್ಲಾಂಡೋ ವಿಮಾನ ನಿಲ್ದಾಣದಿಂದ ಬಂದರಿಗೆ ಸುಮಾರು 70 ಕಿಲೋಮೀಟರ್. ಆ ರಸ್ತೆಯಲ್ಲಿ ರಾಕೆಟ್ ಉಡಾವಣೆ ಇದ್ದ ದಿನ ನೋಡಲು ಬಂದವರ ಕಾರುಗಳೂ ಸೇರಿ ಗಿಜಿಗುಡುತ್ತದೆ. ನಾವು ಟರ್ಮಿನಲ್ ಬಾಗಿಲಿಗೆ ಬಂದಾಗ 3:20. ಹಡಗು ಎದುರಿಗೇ ನಿಂತಿದೆ, ಮೇಲೆ ಜನ ಓಡಾಡುವುದು ಕಾಣುತ್ತಿದೆ. ಒಳಗೆ ಬಿಡಲಿಲ್ಲ. ಅಪ್ಪ ನನ್ನ ಮುಖ ನೋಡಿದ್ದು ಇವತ್ತಿಗೂ ಮರೆತಿಲ್ಲ.

ಆಮೇಲೆ ತಿಳಿದುಕೊಂಡೆ. ಅಮೆರಿಕದಲ್ಲಿ ಹಡಗು ಹೊರಡುವ 60 ನಿಮಿಷ ಮೊದಲು ಪ್ರಯಾಣಿಕರ ಪಟ್ಟಿಯನ್ನು ಗಡಿ ಅಧಿಕಾರಿಗಳಿಗೆ ಕಳಿಸಲೇಬೇಕು. ಪಟ್ಟಿ ಹೋದ ಮೇಲೆ ಹೊಸ ಹೆಸರು ಸೇರಿಸುವುದು ಕೌಂಟರ್‌ನಲ್ಲಿ ಕೂತವರ ಕೈಯಲ್ಲಿ ಇಲ್ಲ. ಅವರ ಮೇಲೆ ಕೂಗಾಡಿದ್ದಕ್ಕೆ ಈಗ ಬೇಜಾರಿದೆ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಹೋಗಿ ಹತ್ತಿ ಅಂದರು, ಟಿಕೆಟ್ ಸಿಗಲಿಲ್ಲ. ದುಡ್ಡು ವಾಪಸ್ ಬರಲಿಲ್ಲ.

ಕುಕ್ಕರಹಳ್ಳಿಯವರೇ, 6:10ಕ್ಕೆ ಇಳಿದರೆ ಕಾಗದದ ಮೇಲೆ 9 ಗಂಟೆ ಕೈಯಲ್ಲಿದೆ. ಆದರೆ ಆ ವಿಮಾನ ರದ್ದಾದರೆ? ಮುಂದಿನದು ಯಾವಾಗ ಅಂತ ನೋಡಿದ್ದೀರಾ? ನಾನು ನಿಮ್ಮ ಜಾಗದಲ್ಲಿದ್ದರೆ ಒಂದು ದಿನ ಮೊದಲೇ ಹೋಗುತ್ತಿದ್ದೆ. ಒಂದು ರಾತ್ರಿಯ ಹೋಟೆಲ್ ಖರ್ಚು ಕ್ರೂಸ್ ಖರ್ಚಿನ ಮುಂದೆ ಏನೂ ಅಲ್ಲ. ಇನ್ಶೂರೆನ್ಸ್ ಮಾಡಿಸಿದ್ದರೆ ಅದರಲ್ಲಿ ಹಡಗು ತಪ್ಪಿದರೆ ಎಷ್ಟು ಕೊಡುತ್ತಾರೆ, ವಿಮಾನ ಎಷ್ಟು ಗಂಟೆ ತಡವಾಗಿರಬೇಕು ಅನ್ನುವ ಸಾಲುಗಳನ್ನು ಓದಿ.

ಸೆರಂಗೂನ್_ಕಾಫಿ:

ಸಿಂಗಾಪುರದಿಂದ ನಮಸ್ಕಾರ. ಊರಿನಿಂದ ಬರುವವರು ಇಲ್ಲಿ ಬಂದು ಸಿಕ್ಕಿಹಾಕಿಕೊಳ್ಳುವ ವಿಷಯಗಳನ್ನು ಹೇಳಿಬಿಡುತ್ತೇನೆ.

ಎಲ್ಲಕ್ಕಿಂತ ಮುಖ್ಯ: ಇಲ್ಲಿ ಎರಡು ಕ್ರೂಸ್ ಟರ್ಮಿನಲ್ ಇವೆ. ಮರೀನಾ ಬೇ ಕ್ರೂಸ್ ಸೆಂಟರ್ ಒಂದು, ಹಾರ್ಬರ್‌ಫ್ರಂಟ್‌ನಲ್ಲಿರುವ ಸಿಂಗಾಪುರ ಕ್ರೂಸ್ ಸೆಂಟರ್ ಇನ್ನೊಂದು. ಹೆಸರು ಹತ್ತಿರ ಹತ್ತಿರ, ಜಾಗ ಬೇರೆ ಬೇರೆ. ದೊಡ್ಡ ಹಡಗುಗಳು ಸಾಮಾನ್ಯವಾಗಿ ಮರೀನಾ ಬೇ ಕಡೆ ನಿಲ್ಲುತ್ತವೆ. ಆದರೂ ನಿಮ್ಮ ಟಿಕೆಟ್‌ನಲ್ಲಿ ಏನಿದೆ ನೋಡಿ, ಟ್ಯಾಕ್ಸಿಯವರಿಗೆ ಪೂರ್ತಿ ಹೆಸರು ತೋರಿಸಿ. ಬರೀ "ಕ್ರೂಸ್ ಸೆಂಟರ್" ಅಂದರೆ ತಪ್ಪು ಕಡೆ ಹೋಗುವ ಸಾಧ್ಯತೆ ಇದೆ, ನನ್ನ ಅತ್ತೆ ಮಾವ ಹಾಗೇ ಹೋಗಿದ್ದರು. ಮೆಟ್ರೋದಲ್ಲಿ ಬಂದರೆ ಕೆಂಪು ಲೈನಿನ ಕೊನೆಯ ನಿಲ್ದಾಣ ಮರೀನಾ ಸೌತ್ ಪಿಯರ್‌ನಲ್ಲಿ ಇಳಿಯಬೇಕು. ಸೂಟ್‌ಕೇಸ್, ಮಂಡಿ ನೋವು ಎರಡೂ ಇರುವಾಗ ಟ್ಯಾಕ್ಸಿಯೇ ವಾಸಿ. ಮಾಮೂಲಿ ಟ್ಯಾಕ್ಸಿಯಲ್ಲಿ 4 ಜನ ಮಾತ್ರ, 7 ಜನರಿಗೆ ಎರಡು ಬೇಕು.

ಸಿಂಗಾಪುರದ ಗಡಿಯಾರ ನಮ್ಮೂರಿಗಿಂತ ಎರಡೂವರೆ ಗಂಟೆ ಮುಂದೆ. ಫೋನ್ ತಾನೇ ಬದಲಾಗುತ್ತದೆ, ಕೈಗಡಿಯಾರ ಆಗುವುದಿಲ್ಲ. ಫುಕೆಟ್‌ನಲ್ಲಿ ಇನ್ನೊಂದು ಬಲೆ ಇದೆ. ಥಾಯ್ಲೆಂಡ್ ಸಮಯ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಾಪುರದ ಸಮಯದಲ್ಲೇ ನಡೆಯುತ್ತಿದ್ದರೆ, ದಡಕ್ಕೆ ಇಳಿದ ನಿಮ್ಮ ಫೋನ್ 4 ಗಂಟೆ ಅಂತ ತೋರಿಸುವಾಗ ಹಡಗಿನಲ್ಲಿ 5 ಆಗಿರುತ್ತದೆ. ಇಳಿಯುವ ಮೊದಲು ಬಾಗಿಲ ಬಳಿ ಇರುವ ಬೋರ್ಡ್ ನೋಡಿ, ವಾಪಸ್ ಬರುವ ಸಮಯದ ಫೋಟೋ ತೆಗೆದುಕೊಳ್ಳಿ. ಅಲ್ಲಿ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುವುದುಂಟು. ಹಾಗಿದ್ದರೆ ಕೊನೆಯ ದೋಣಿಯ ಸಮಯವೇ ನಿಮ್ಮ ಗಡುವು.

ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿ, ಯಾಕೆಂದರೆ ಹಡಗಿನಿಂದ ಇಳಿಯುವಾಗ ಎರಡನೇ ಸಲ ಸಿಂಗಾಪುರ ಪ್ರವೇಶಿಸುತ್ತೀರಿ. ಎಸ್‌ಜಿ ಅರೈವಲ್ ಕಾರ್ಡ್ (ಸಿಂಗಾಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ಫಾರ್ಮ್) ಕೂಡ ಎರಡು ಸಲ ತುಂಬಬೇಕು, ಬರುವ ದಿನವೂ ಸೇರಿ 3 ದಿನದ ಒಳಗೆ. ಸರ್ಕಾರಿ ಜಾಲತಾಣದಲ್ಲಿ ಅದು ಉಚಿತ, ಯಾರಾದರೂ ದುಡ್ಡು ಕೇಳಿದರೆ ಅದು ಸರಿಯಾದ ಜಾಗ ಅಲ್ಲ.

ಹಿಂದಿನ ದಿನವೇ ಬಂದರೆ ಅಪ್ಪ ಅಮ್ಮನನ್ನು ಸೆರಂಗೂನ್ ರೋಡಿನ ಕೋಮಲ ವಿಲಾಸಕ್ಕೆ ಕರೆದುಕೊಂಡು ಹೋಗಿ. 1947ರಿಂದ ಇರುವ ಹೋಟೆಲ್. ಇಡ್ಲಿ ತಿಂದು, ಕಾಫಿ ಕುಡಿದು, ಮಧ್ಯಾಹ್ನ ನಿಧಾನವಾಗಿ ಹೊರಡಬಹುದು.

ಕುಕ್ಕರಹಳ್ಳಿ:

ವಾಪಸ್ ಬಂದೆವು! ನಿಮಗೆಲ್ಲ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ. ಏನಾಯಿತು ಅಂತ ಬರೆಯುತ್ತೇನೆ, ಮುಂದೆ ಹೋಗುವವರಿಗೆ ಬೇಕಾಗಬಹುದು.

ವಿಮಾನವನ್ನು ಒಂದು ದಿನ ಹಿಂದಕ್ಕೆ ಹಾಕಿಸಿದೆವು, ವ್ಯತ್ಯಾಸದ ದುಡ್ಡು ಕೊಡಬೇಕಾಯಿತು. ಏಜೆಂಟ್ ಮೊದಲು "ಬುಕಿಂಗ್ ಜೋಡಿಸಲು ಆಗಲ್ಲ" ಅಂದರು. ಮೂರನೇ ಸಲ ಫೋನ್ ಮಾಡಿದಾಗ ಆಯಿತು. ಅಷ್ಟಾದರೂ ಸಮಯ ತಾನಾಗಿ ಒಂದಾಗಲಿಲ್ಲ, ಇದು ನನಗೆ ಗೊತ್ತಿರಲಿಲ್ಲ. ದಿನಾ ರಾತ್ರಿ ಆ್ಯಪ್ ತೆರೆದು ನೋಡುತ್ತಿದ್ದೆ. ಹೊರಡುವ ಐದು ದಿನ ಮೊದಲು 12:30ರಲ್ಲಿ ಜಾಗ ಕಂಡಿತು, ನಮ್ಮದು ಮತ್ತು ತಂಗಿಯದು ಎರಡನ್ನೂ ಅಲ್ಲಿಗೆ ಬದಲಾಯಿಸಿದೆ. ಅಪ್ಪ ಅಮ್ಮನದು 11:30ರಲ್ಲೇ ಬಿಟ್ಟೆ. ಬಂದರುಪೇಟೆಯವರು ಹೇಳಿದ ಹಾಗೆ ಅವರು ನಮ್ಮ ಜೊತೆ 12:30ಕ್ಕೆ ಬಂದರು, ಯಾರೂ ಒಂದು ಮಾತೂ ಆಡಲಿಲ್ಲ. ನಮ್ಮ ಪಕ್ಕದಲ್ಲೇ 3 ಗಂಟೆಯ ಸಮಯ ಇದ್ದ ಒಂದು ಕುಟುಂಬವನ್ನು ಮಾತ್ರ ಹೊರಗೆ ಕೂರಿಸಿದ್ದರು.

ಅಮ್ಮನಿಗೆ ವೀಲ್‌ಚೇರ್ ಸಿದ್ಧವಾಗಿತ್ತು. ದೊಡ್ಡ ಸೂಟ್‌ಕೇಸ್‌ಗಳನ್ನು ಬಾಗಿಲಲ್ಲೇ ತೆಗೆದುಕೊಂಡರು, ಅವು ಕ್ಯಾಬಿನ್‌ಗೆ ಬಂದಿದ್ದು ಸಂಜೆ 6:45ಕ್ಕೆ. ಅಮ್ಮನ ಬಿಪಿ ಮಾತ್ರೆ ಮತ್ತು ಮಗಳ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಇದನ್ನು ಮರೆಯಬೇಡಿ, ಪಾಸ್‌ಪೋರ್ಟ್ ಅಂತೂ ಯಾವ ಕಾರಣಕ್ಕೂ ಸೂಟ್‌ಕೇಸ್‌ನಲ್ಲಿ ಹಾಕಬೇಡಿ. ತಂಗಿ ತಂದಿದ್ದ ಸಣ್ಣ ಎಲೆಕ್ಟ್ರಿಕ್ ಕೆಟಲ್ ತಪಾಸಣೆಯಲ್ಲಿ ಎತ್ತಿಟ್ಟುಕೊಂಡರು, ಬೆಂಕಿಯ ಭಯಕ್ಕೆ ಅದನ್ನು ಬಿಡುವುದಿಲ್ಲವಂತೆ, ಇಳಿಯುವಾಗ ಕೊಟ್ಟರು.

ಫುಕೆಟ್‌ನಲ್ಲಿ ತಂಗಿಯ ಫೋನ್ ಒಂದು ಗಂಟೆ ಹಿಂದಕ್ಕೆ ಹೋಯಿತು. ಅವಳು "ಇನ್ನೂ ಬೇಕಾದಷ್ಟು ಸಮಯ ಇದೆ, ಇನ್ನೊಂದು ಅಂಗಡಿ ನೋಡೋಣ" ಅನ್ನುತ್ತಿದ್ದಾಗ ಅಪ್ಪ ತಮ್ಮ ಹಳೇ ಎಚ್‌ಎಂಟಿ ವಾಚ್ ತೋರಿಸಿದರು. ಹಿಂದಿನ ರಾತ್ರಿಯೇ ಅದನ್ನು ಹಡಗಿನ ಸಮಯಕ್ಕೆ ಕೂರಿಸಿಕೊಂಡಿದ್ದರು. ಉಳಿದ ದಿನವೆಲ್ಲ ಎಲ್ಲರೂ ಅಪ್ಪನನ್ನೇ ಸಮಯ ಕೇಳಿದೆವು. ಅವರಿಗೆ ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ.

ಕೋಮಲ ವಿಲಾಸಕ್ಕೂ ಹೋದೆವು ಸೆರಂಗೂನ್ ಅವರೇ. ಅಮ್ಮ ಎರಡು ಲೋಟ ಕಾಫಿ ಕುಡಿದರು.

ಬೆಣ್ಣೆದೋಸೆ_ದಾವಣಗೆರೆ:

ಓದಿ ತುಂಬಾ ಉಪಯೋಗವಾಯಿತು. ನಮ್ಮದು ಫೆಬ್ರವರಿಯಲ್ಲಿ, ಅದೇ ಬಂದರು. ಸಮಯ ಬಂದಿರುವುದು 10:30. ಆದರೆ ನಮ್ಮ ವಿಮಾನ ಇಳಿಯುವುದೇ ಅವತ್ತು 9:40ಕ್ಕೆ, 10:30ಕ್ಕೆ ಮುಟ್ಟುವುದು ಸಾಧ್ಯವಿಲ್ಲ. ಸಮಯ ತಪ್ಪಿದರೆ ಟಿಕೆಟ್ ರದ್ದಾಗುತ್ತದಾ?

ಬಂದರುಪೇಟೆ:

ರದ್ದಾಗುವುದಿಲ್ಲ. ಆ್ಯಪ್‌ನಲ್ಲಿ 12 ಅಥವಾ 1 ಗಂಟೆಗೆ ಬದಲಾಯಿಸಿ, ಆಗದಿದ್ದರೆ ಹಾಗೇ ನಿಧಾನವಾಗಿ ಹೋಗಿ, ಗಡುವಿನ ಒಳಗಿದ್ದರೆ ಹತ್ತಿಸುತ್ತಾರೆ. ನೀವು ನೋಡಬೇಕಾದ್ದು ಆ 9:40. ಇನ್ನೂ ಸಮಯ ಇದೆ, ಎಡಿಸನ್ ಅವರು ಬರೆದಿದ್ದನ್ನು ಮನೆಯವರ ಜೊತೆ ಕೂತು ಇನ್ನೊಮ್ಮೆ ಓದಿ, ಹಿಂದಿನ ದಿನದ ಟಿಕೆಟ್ ಎಷ್ಟಿದೆ ಅಂತ ಇವತ್ತೇ ನೋಡಿ.